ಬೇಲಿಯಾಚೆಯ ಇಂಜಿನಿಯರ್

ಲಂಡನ್ನಿನ ಕೆಂಟನ್ ಸ್ಟೇಷನ್ನಿನ ಹೊರಗಿನ ಬಸ್ ಸ್ಟಾಪಿನಲ್ಲಿ ಈಗ ಗಾಂಜಾ ವಾಸನೆ ಬಾರದ ದಿನವೇ ಇಲ್ಲ. ಈ ದೇಶದ ಕಾನೂನಿನಲ್ಲಿ ಅದಿನ್ನೂ ಅಪರಾಧವೇ. ಗಾಳಿಗೆ ಕಾನೂನು ಹೇಳುವವರು ಯಾರು? ಮೊನ್ನೆ ನಾನೂ ಶಾಲಿನಿಯವರೂ ಯುಗಾದಿ ಕಾರ್ಯಕ್ರಮದ ಹಾಲ್ ನೋಡಿ ಬರೋಣವೆಂದು ಅಲ್ಲಿ ನಿಂತಿದ್ದೆವು. ಶಾಲಿನಿ ಧಾರವಾಡದವರು. ಅವರ ಯಜಮಾನರೂ ನನ್ನವರೂ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಹಿಂದಿನಿಂದ ಹೊಗೆ ತೇಲಿ ಬಂದದ್ದೇ ತಡ, ಅವರು ಸೆರಗನ್ನು ಮೂಗಿಗೆ ಹಿಡಿದರು.

"ಏನ್ ವಾಸನಿ ರೀ ಇದು! ಇವ್ರಿಗೆ ಮನ್ಯಾಗ ಹೇಳೋರು ಕೇಳೋರು ಯಾರೂ ಇಲ್ಲೇನು?"

ನಾನೂ ಸೆರಗು ಹಿಡಿದೆ. ವಾಸನೆಗಲ್ಲ, ಅಭ್ಯಾಸಕ್ಕೆ. ಮೂವತ್ತೈದು ವರ್ಷದಿಂದ ಈ ಮಾತು ಬಂದಾಗಲೆಲ್ಲ ನಾನು ಎಲ್ಲರಿಗಿಂತ ಒಂದು ಕೈ ಹೆಚ್ಚಾಗಿಯೇ ಮುಖ ಸಿಂಡರಿಸುತ್ತ ಬಂದಿದ್ದೇನೆ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ನನ್ನ ತಮ್ಮ ರಘು ಮೈಸೂರಿನಲ್ಲಿ ಚಿಕ್ಕವನಿದ್ದಾಗಿನಿಂದ ವಿಮಾನದ ಹುಚ್ಚಿನವನು. ಅಮ್ಮ ಒಣಹಾಕಿದ ಹಪ್ಪಳದ ಕಾವಲಿಗೆ ಕೂರಿಸಿದರೆ ಆಕಾಶ ನೋಡುತ್ತ ಕೂತು ಕಾಗೆಗಳಿಗೆ ಹಪ್ಪಳದ ಹಬ್ಬ ಮಾಡಿಸುತ್ತಿದ್ದ. ಕೊನೆಗೆ ಅದನ್ನೇ ಓದಲು ಅಮೆರಿಕಕ್ಕೆ ಹೋದ. ಕೋರ್ಸು ಮುಗಿಯಲು ಐದು ತಿಂಗಳಿದ್ದಾಗ ಅವನ ಜೇಬಿನಲ್ಲಿ ಪೊಲೀಸರಿಗೆ ಗಾಂಜಾದ ಪೊಟ್ಟಣ ಸಿಕ್ಕಿತು. ಚಿಟಿಕೆಯಷ್ಟಂತೆ. ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಲಂಡನ್ನಿನಲ್ಲಿದ್ದ ನನಗೆ ಫೋನು ಮಾಡಿದ.

"ನಿಂದೇನೋ ಅದು?" ಎಂದೆ.

"ನಂದೇ ಅಕ್ಕ. ಸುಳ್ಳು ಯಾಕೆ ಹೇಳ್ಲಿ?"

ಆ ಊರಿನಲ್ಲಿ ನಮ್ಮ ಕಡೆಯ ವಕೀಲರೊಬ್ಬರಿದ್ದರು. ಯಾರ ಮನೆಯವನೆಂದು ಗೊತ್ತಿಲ್ಲದಿದ್ದರೂ, ಊರ ಕಡೆಯ ಹುಡುಗನೆಂಬ ಸುದ್ದಿ ತಿಳಿದು ತಾವಾಗಿಯೇ ಮುಂದೆ ಬಂದು, ಮೊದಲ ಸಲ ಸಿಕ್ಕಿದ ಹುಡುಗ, ಕೇಸು ಬಿದ್ದುಹೋಗುವ ಹಾಗೆ ನೋಡಿಕೊಳ್ಳುತ್ತೇನೆ, ಫೀಸೇನೂ ಕೊಡಬೇಡ ಎಂದಿದ್ದರು. ಬೇರೆ ಯಾರಾದರೂ ಕೈಮುಗಿಯುತ್ತಿದ್ದರು. ನಾನು ಮಾತ್ರ ಅವರ ಹೆಂಡತಿ ನನ್ನ ಅತ್ತೆಗೆ ಏನಾಗಬೇಕೆಂದು ಲೆಕ್ಕ ಹಾಕಿದೆ. ಅತ್ತೆಯ ಸೋದರಮಾವನ ಮೊಮ್ಮಗಳು. ಇವತ್ತು ಅಲ್ಲಿ ಬಾಯಿಬಿಟ್ಟರೆ ನಾಳೆ ಬೆಳಗಿನ ಕಾಫಿಗೆ ಮೈಸೂರಿನ ಮನೆಮನೆಯಲ್ಲೂ ಅದೇ ಸುದ್ದಿ.

"ಅವರು ಬೇಡ್ವೇ ಬೇಡ. ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ದಂಡ ಕಟ್ಟು, ಮುಗೀತು. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವನು ಅಕ್ಕನ ಮಾತು ಮೀರಿದವನಲ್ಲ. ಒಪ್ಪಿಕೊಂಡ. ಮುಗಿಯಿತು ಎಂದೆನಲ್ಲ, ನಿಜವಾಗಿಯೂ ಎಲ್ಲವೂ ಮುಗಿಯಿತು. ಕಾಲೇಜು ಹೋಯಿತು, ವೀಸಾ ಹೋಯಿತು. ಡಿಗ್ರಿಯಿಲ್ಲದೆ ಮೈಸೂರಿಗೆ ವಾಪಸಾದ.

ಕೆಲವು ವರ್ಷದ ಮೇಲೆ ಇಲ್ಲೇ ಲಂಡನ್ನಿನಲ್ಲಿ ಬೆಳೆದ ನಮ್ಮವರ ಹುಡುಗಿಯನ್ನು ಮದುವೆಯಾಗಿ, ಏರ್‌ಪೋರ್ಟಿನ ಪಕ್ಕದ ಹೌನ್ಸ್ಲೋದಲ್ಲಿ ಮನೆ ಮಾಡಿದ. ಮಾತುಕತೆಯ ಮೊದಲ ದಿನವೇ ಹುಡುಗಿಗೆ ಎಲ್ಲ ಹೇಳಿಬಿಟ್ಟಿದ್ದನಂತೆ. ಅದೇ ದಿನ ನಾನು ಅವಳ ತಾಯಿಯ ಪಕ್ಕ ಕೂತು, ಆರೋಗ್ಯ ಸರಿಯಿಲ್ಲದೆ ಅವನ ಓದು ನಿಂತುಹೋಯಿತೆಂದು ಕಥೆ ಕಟ್ಟುತ್ತಿದ್ದೆ.

ವಿಮಾನ ರಿಪೇರಿಯ ಕೆಲಸಕ್ಕೆ ಹೋಗೋಣವೆಂದರೆ ಏರ್‌ಪೋರ್ಟಿನ ಬೇಲಿಯೊಳಗೆ ಕಾಲಿಡಲು ಪಾಸು ಬೇಕು. ಪಾಸಿಗೆ ಫಾರಂ. ಫಾರಮ್ಮಿನಲ್ಲಿ, ಯಾವ ದೇಶದಲ್ಲಾದರೂ ನಿಮಗೆ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ. "ಇಲ್ಲ ಅಂತ ಹಾಕೋ, ಯಾರು ನೋಡ್ತಾರೆ" ಎಂದು ನಾನು. ಅವನು ಪ್ರತಿ ಸಲವೂ 'ಹೌದು' ಎಂದೇ ಗುರುತು ಹಾಕಿದ. ಪ್ರತಿ ಸಲವೂ ಫಾರಂ ವಾಪಸು ಬಂತು. ನಾಲ್ಕನೆಯ ಸಲದ ನಂತರ ಅವನು ಫಾರಂ ತುಂಬುವುದನ್ನೇ ಬಿಟ್ಟ. ಬೇಲಿಯ ಹೊರಗಿನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷ ಅಲ್ಲೇ ಉಳಿದ. ಅವನ ಮನೆಗೆ ಊಟಕ್ಕೆ ಹೋದರೆ, ಸಾರನ್ನ ಕಲಸುತ್ತ, ತಲೆ ಎತ್ತದೆಯೇ, ಮೇಲೆ ಹೋದ ವಿಮಾನ ಯಾವುದೆಂದು ಸದ್ದಿನ ಮೇಲೆ ಹೇಳುತ್ತಿದ್ದ. ನಾನು ಮಾತು ಬದಲಿಸಿ ಉಪ್ಪಿನಕಾಯಿ ಕೇಳುತ್ತಿದ್ದೆ. ಹೊರಗೆ ಮಾತ್ರ, ನನ್ನ ತಮ್ಮ ಏರ್‌ಪೋರ್ಟಿನಲ್ಲಿ ಇಂಜಿನಿಯರ್ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದೆ.

ಈಚೆಗೆ ನನ್ನ ಮಗಳು ಫೋನಿನಲ್ಲಿ ಏನೋ ಓದಿದಳು. ಅಮೆರಿಕದ ಆ ರಾಜ್ಯದಲ್ಲಿ ಗಾಂಜಾ ಈಗ ಕಾನೂನುಬದ್ಧವಂತೆ, ಹಳೆಯ ಸಣ್ಣ ಕೇಸುಗಳನ್ನೆಲ್ಲ ಸರ್ಕಾರವೇ ಅಳಿಸಿಹಾಕಿದೆಯಂತೆ. ರಘುವಿನಿಂದ ಸಹಿ ಮಾಡಿಸಿಕೊಂಡು ಕೋರ್ಟಿಗೆ ಬರೆದಳು. ಹೋದ ವಾರ ಒಂದೇ ಹಾಳೆಯ ಉತ್ತರ ಬಂತು. ಈ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ ಎಂದು.

"ಇಟ್ಸ್ ಗಾನ್, ಅಮ್ಮಾ. ಕಂಪ್ಲೀಟ್ಲಿ" ಎಂದಳು.

ಹೋಳಿಗೆ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡು, ಆ ಹಾಳೆಯನ್ನೂ ಇಟ್ಟುಕೊಂಡು ಹೌನ್ಸ್ಲೋಗೆ ಹೋದೆ. ರಘು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಮಂಡಿನೋವಿನಿಂದ ಹೋದ ವರ್ಷವೇ ಕೆಲಸ ಬಿಟ್ಟಿದ್ದಾನೆ.

"ಅಂದ್ರೆ ಇನ್ಮೇಲೆ 'ಇಲ್ಲ' ಅಂತ ಹಾಕ್ಬಹುದು" ಎಂದು ನಕ್ಕ. "ಆದ್ರೆ ನಂಗೆ ಈಗ ಫಾರಂ ಕೊಡೋರು ಯಾರು ಅಕ್ಕ?"

ನಾನು ಅತ್ತುಬಿಟ್ಟೆ. ಆ ವಕೀಲರನ್ನು ಬೇಡವೆಂದದ್ದು ನಿನಗಾಗಿ ಅಲ್ಲ ಕಣೋ, ನನ್ನ ಮಾನ ಉಳಿಸಿಕೊಳ್ಳಲಿಕ್ಕೆ ಎಂದೆ. ಇಷ್ಟು ವರ್ಷ ಈ ಮಾತು ನನ್ನ ಬಾಯಿಗೆ ಬಂದಿರಲಿಲ್ಲ.

"ಗೊತ್ತು" ಎಂದ. ಬೈಯಲಿಲ್ಲ. ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟ. "ಅವ್ರೇನೋ ಅಳಿಸಿಬಿಟ್ರು. ನೀನು ಇನ್ನೂ ಬಚ್ಚಿಡ್ತಿದ್ದೀಯಲ್ಲ. ಹೋದ ದೀಪಾವಳಿಲಿ ಯಾರೋ ನನ್ನ 'ಇಂಜಿನಿಯರ್ ಸಾಹೇಬ್ರೆ' ಅಂದ್ರು. ಸಾಕು ಮಾಡು ಅಕ್ಕ. ನಿನ್ನ ಸುಳ್ಳಿನ ಜೈಲೇ ನಂಗೆ ದೊಡ್ಡದಾಗೋಯ್ತು."

ಹಾಳೆ ಅಂದಿನಿಂದ ನನ್ನ ಚೀಲದಲ್ಲೇ ಇದೆ. ಬಸ್ ಸ್ಟಾಪಿನಲ್ಲಿ ಶಾಲಿನಿಯವರು ಇನ್ನೂ ಮಾತು ಮುಗಿಸಿರಲಿಲ್ಲ. "ಇಂಥವ್ರನ್ನ ಹೆತ್ತವ್ರ ಗತಿ ಏನ್ರೀ?"

ನಾನು ಸೆರಗು ಬಿಟ್ಟೆ.

"ನನ್ನ ತಮ್ಮನೂ ಇದಕ್ಕೇ ಸಿಕ್ಕಿಬಿದ್ದಿದ್ದ, ಶಾಲಿನಿ."

"ಯಾರು? ಏರ್‌ಪೋರ್ಟಿನಾಗ ಇಂಜಿನಿಯರ್ ಇದ್ದಾರಲ್ಲ, ಅವ್ರಾ?"

"ಅವನು ಇಂಜಿನಿಯರ್ ಅಲ್ಲ. ಗೋದಾಮಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸ್ತಿದ್ದ. ಅವನನ್ನ ಉಳಿಸೋರು ಒಬ್ಬರಿದ್ರು. ಬೇಡ ಅಂದೋಳು ನಾನು."

ಬಸ್ಸು ಬಂದು ನಿಂತಿತು. ಶಾಲಿನಿ ಹತ್ತಲಿಲ್ಲ, ನಾನೂ ಹತ್ತಲಿಲ್ಲ. ಅದು ಹೊರಟುಹೋದ ಮೇಲೆ ಅವರು ಮೆಲ್ಲಗೆ, "ಅವ್ರ ಹೆಸರೇನ್ರೀ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ನಾನು ಅವರಿಗೆ ತಮ್ಮನ ಕೆಲಸ ಹೇಳಿದ್ದೆ, ಹೆಸರು ಹೇಳಿಯೇ ಇರಲಿಲ್ಲ.

"ರಘು" ಎಂದೆ.