ನಾಲ್ಕು ಬೆರಳಿನ ಅಭ್ಯಾಸ

1962ರಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಮೂಲವ್ಯಾಧಿ ಆಪರೇಷನ್ ಅಂದರೆ ನನಗೆ ನೀರು ಕುಡಿದಷ್ಟು ಸಲೀಸು, ಜಂಬವೂ ಅಷ್ಟೇ ಇತ್ತು. ಅನಸ್ತೀಶಿಯಾ ಕೊಟ್ಟ ಕೂಡಲೇ ಗುದದ್ವಾರವನ್ನು ನಾಲ್ಕು ಬೆರಳು ಹಾಕಿ ಜಗ್ಗಿ ಅಗಲಿಸುವುದು ನಮ್ಮ ಮೇಷ್ಟ್ರು ಕಲಿಸಿದ ಪದ್ಧತಿ. ಯಾಕೆ ಎಂದು ನಾನು ಒಮ್ಮೆಯೂ ಕೇಳಿದವನಲ್ಲ.

ಗುಬ್ಬಿಯ ದರ್ಜಿ ಖಾದರ್ ಸಾಬರಿಗೂ ಹಾಗೇ ಮಾಡಿದೆ. ಮೂಲವ್ಯಾಧಿಯ ಮೂರು ಮೊಳೆಗಳನ್ನು ಬುಡಕ್ಕೆ ಕಟ್ಟಿ ಕತ್ತರಿಸಿದೆ. ರಕ್ತ ನಿಂತಿತು, ಹತ್ತನೇ ದಿನ ಮನೆಗೆ ಕಳಿಸಿದೆ. ಆರು ವಾರ ಬಿಟ್ಟು ನನ್ನ ಕೋಣೆಗೆ ನುಗ್ಗಿದರು.

"ಗಾಳಿ ತಡೆಯಕ್ಕಾಗಲ್ಲ, ಪೈಜಾಮ ಕರೆಯಾಗ್ತದೆ. ವಜೂ ನಿಲ್ಲಲ್ಲ. ಏನ್ ಮಾಡಿದ್ರಿ ನನಗೆ?"

ವಜೂ ಎಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧವಾಗುವುದು. ಗಾಳಿ ಹೋದರೂ ಅದು ಮುರಿಯುತ್ತದೆ. ಇಪ್ಪತ್ತು ವರ್ಷ ಮಸೀದಿಯ ಮೊದಲ ಸಾಲಿನಲ್ಲಿ ನಿಂತ ಮನುಷ್ಯ ಈಗ ಆ ಕಡೆ ತಲೆ ಹಾಕುತ್ತಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. "ರಕ್ತ ಸುರಿಸ್ಕೊಂಡು ಬಂದಿದ್ರಿ, ವಾಸಿ ಮಾಡಿದೆ. ಅದರ ನೆನಪಾದ್ರೂ ಬೇಡ್ವಾ?" ಎಂದೆ.

"ಮೊದ್ಲು ನೋಡಿ, ಆಮೇಲೆ ಬೈರಿ."

ಬೆರಳಿಟ್ಟು "ಬಿಗಿ ಹಿಡೀರಿ" ಅಂದೆ. ಹಿಡಿದರು. ನಾವು ಹೇಳಿದಂತೆ ಕೇಳುವ ಹೊರಸ್ನಾಯು ಗಟ್ಟಿಯಾಗಿಯೇ ಇತ್ತು. ನಮಗೆ ಗೊತ್ತಿಲ್ಲದಂತೆ ಸದಾ ಬಾಯಿ ಮುಚ್ಚಿಕೊಂಡಿರಬೇಕಾದ ಒಳಸ್ನಾಯು ಮಾತ್ರ ಜೋಲು ಬಿದ್ದಿತ್ತು. ಅದಕ್ಕೆ ಚಾಕು ತಾಗಿರಲಿಲ್ಲ, ನನಗೆ ಖಾತರಿಯಿತ್ತು. ತಾಗಿದ್ದು ನನ್ನ ಬೆರಳು.

"ಬರ್ತಾ ಬರ್ತಾ ಬಿಗಿಯಾಗುತ್ತೆ" ಎಂದೆ.

"ಲಾಸ್ಟಿಕ್ ಜಗ್ಗಿ ಸಡಿಲಾದ್ಮೇಲೆ ಬಿಗಿಯಾಗಲ್ಲ. ದರ್ಜಿ ನಾನು, ನನಗೆ ಹೇಳ್ಬೇಡಿ. ಕತ್ತರಿ ಹಾಕೋಕ್ ಮುಂಚೆ ನಾವು ಅಳತೆ ತಗೋತೀವಿ ಡಾಕ್ಟ್ರೇ. ನೀವ್ ತಗೊಂಡ್ರಾ?"

ತಗೊಂಡಿರಲಿಲ್ಲ. ಆಪರೇಷನ್‌ಗೆ ಮುಂಚೆ ಅವರ ಸ್ನಾಯು ಎಷ್ಟು ಬಿಗಿಯಿತ್ತು ಎಂದು ನನ್ನ ಕೇಸ್ ಶೀಟಿನಲ್ಲಿ ಒಂದಕ್ಷರವಿಲ್ಲ. ಆ ಮನುಷ್ಯನನ್ನು ಅವತ್ತು ನಾನು ದ್ವೇಷಿಸಿದೆ, ಮುಚ್ಚಿಡುವುದೇನು. ಅವರೂ ನನ್ನನ್ನು ಕ್ಷಮಿಸಲಿಲ್ಲ. ದಿನಕ್ಕೆ ಇಷ್ಟು ಸಲ ಬಿಗಿಹಿಡಿಯುವ ವ್ಯಾಯಾಮ ಹೇಳಿಕೊಟ್ಟೆ, ಹಲ್ಲು ಕಚ್ಚಿಕೊಂಡು ಮಾಡಿದರು. ಆರು ತಿಂಗಳಿಗೆ ಪೈಜಾಮ ಕರೆಯಾಗುವುದು ನಿಂತಿತು. ಗಾಳಿ ಪೂರ್ತಿ ಹತೋಟಿಗೆ ಬರಲೇ ಇಲ್ಲ.

ಆಮೇಲೆ ನಿವೃತ್ತಿಯವರೆಗೂ ನಾನು ಯಾರನ್ನೂ ಹಾಗೆ ಜಗ್ಗಲಿಲ್ಲ. ಮೊದಲು ಬಿಗಿ ನೋಡಿ ಬರೆದಿಡುತ್ತಿದ್ದೆ, ಹತೋಟಿ ತಪ್ಪಬಹುದು ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಒಬ್ಬಿಬ್ಬರು ಹೆದರಿ ಎದ್ದುಹೋದರು. ಹೋಗಲಿ, ಅದು ಅವರ ಹಕ್ಕು.

ಖಾದರ್ ಸಾಬರು ಕೊನೆಯ ಸಲ ಬಂದಾಗ "ಮಸೀದಿಗೆ ಹೋಗ್ತಿದೀರಾ ಸಾಬ್ರೇ?" ಎಂದು ಕೇಳಿದೆ.

"ಹೋಗ್ತೀನಿ. ಕೊನೇ ಸಾಲು, ಬಾಗಿಲ ಪಕ್ಕ" ಎಂದರು.