ದೋಣಿಗೆ ಸೀಟು ಕಟ್ಟಿದ ಓಬಳಮ್ಮ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಆಟೊಗಳಿಗೂ ಬೈಕುಗಳಿಗೂ ಸೀಟು ಹೊಲಿಯುವ ಓಬಳಮ್ಮ ಮದುವೆಯಾದ ಹೊಸದರಲ್ಲಿ ರವಿಕೆ ಹೊಲಿಯುತ್ತಿದ್ದವಳು. ಒಮ್ಮೆ ಗಂಡ ಯಲ್ಲಯ್ಯನ ಲಗೇಜ್ ಆಟೊದ ಸೀಟು ಹರಿದಾಗ, ಹಳೆಯದನ್ನು ಬಿಚ್ಚಿ ನೋಡಿ ತಾನೇ ಹೊಸದು ಕಟ್ಟಿದಳು. ಅದನ್ನು ಕಂಡು ಸ್ಟ್ಯಾಂಡಿನ ಡ್ರೈವರುಗಳು ಒಬ್ಬೊಬ್ಬರಾಗಿ ಬಂದರು. ಇಪ್ಪತ್ತೆರಡು ವರ್ಷ ಕಳೆಯುವುದರಲ್ಲಿ ರವಿಕೆಯ ಕೆಲಸ ಮರೆತೇ ಹೋಯಿತು. ಗಿರಾಕಿ ಅಂಗಡಿಗೆ ನಡೆದು ಬರುವಾಗಲೇ ಅವನ ಸೊಂಟ ಯಾವ ಕಡೆ ವಾಲುತ್ತದೆಂದು ನೋಡಿ, ಫೋಮು ಎಲ್ಲಿ ಗಟ್ಟಿ ಇರಬೇಕು, ಎಲ್ಲಿ ಮೆತ್ತಗಿರಬೇಕು ಎಂದು ಗೊತ್ತುಮಾಡಿಕೊಳ್ಳುತ್ತಿದ್ದಳು. ತಾನು ಕೂರಿಸಿದ ಮೇಲೆ ಯಾರೂ ಅಲ್ಲಾಡಬಾರದು, ಅದೇ ಅವಳ ಹಟ.

ಹೋದ ವರ್ಷ ಏಪ್ರಿಲಿನಲ್ಲಿ, ಗುಬ್ಬಿಯ ಹೈಸ್ಕೂಲೊಂದರ ಪಿ.ಟಿ. ಟೀಚರ್ ಭೂಮಿಕಾ ಒಂದು ಹಳೆಯ ಹಸಿರು ದೋಣಿಯನ್ನು ತಂದು ಅವಳ ಅಂಗಡಿಯ ಮುಂದೆ ಇಳಿಸಿದಳು.

"ಏನಮ್ಮಾ ಇದು? ದನಕ್ಕೆ ನೀರಿಡೋ ತೊಟ್ಟಿನಾ?" ಎಂದಳು ಓಬಳಮ್ಮ.

ಭೂಮಿಕಾ ನಕ್ಕಳು. "ಕೆನೂ ಅಂತಾರೆ. ಬಂಡೆ ಮಧ್ಯ ನೊರೆ ಎದ್ದು ನುಗ್ಗೋ ಹೊಳೇಲಿ ಓಡ್ಸೋದು. ಮಂಡಿಯೂರಿ ಕೂತು ಒಂದೇ ಹುಟ್ಟು ಹಾಕ್ಬೇಕು. ಒಳಗಡೆ ಏನೂ ಇಲ್ಲ ನೋಡಿ, ಜಾರಾಡ್ತೀನಿ. ನಾನು ಸೊಂಟ ವಾಲ್ಸಿದ್ರೆ ದೋಣಿನೂ ವಾಲ್ಬೇಕು."

"ಅಂದ್ರೆ ನಿನ್ನ ಇದಕ್ಕೆ ಅಂಟಿಸ್ಬೇಕು."

"ಹೂಂ. ಆದ್ರೆ ಮಗುಚಿದ್ರೆ ತಕ್ಷಣ ಈಚೆಗೂ ಬರೋ ಹಂಗಿರ್ಬೇಕು."

ಮೊದಲನೆಯ ಮಾತು ಓಬಳಮ್ಮನ ಮನಸ್ಸನ್ನು ಹಿಡಿಯಿತು. ಎರಡನೆಯದಕ್ಕೆ ಸುಮ್ಮನೆ ತಲೆಯಾಡಿಸಿದಳು.

ಭೂಮಿಕಾಳನ್ನು ಅಂಗಡಿಯ ಚಾಪೆಯ ಮೇಲೆ ಬರಿಗಾಲಲ್ಲಿ ಮಂಡಿಯೂರಿಸಿ ಅಳತೆ ತೆಗೆದಳು. ನೀರು ಹೀರದ ಗಟ್ಟಿ ಫೋಮನ್ನು ಕುದುರೆಯ ಜೀನಿನಂತೆ ಕೆತ್ತಿ ದೋಣಿಯ ನಡುವೆ ನಿಲ್ಲಿಸಿದಳು. ಎರಡು ಕಡೆಗೂ ಅಂಟು ಬಳಿದು, ಅದು ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದೇ ಸಲಕ್ಕೆ ಒತ್ತಿದಳು. ಮಂಡಿಗೆ ಬಟ್ಟಲಿನಂಥ ಮೆತ್ತೆ, ಹಿಂದೆ ಕಾಲ್ಬೆರಳು ಊರಲು ಎರಡು ಕಟ್ಟೆ, ಎರಡು ತೊಡೆಯ ಮೇಲೂ ಬಕಲ್ ಇರುವ ಒಂದೊಂದು ಬಿಗಿ ಪಟ್ಟಿ. ಭೂಮಿಕಾ ಒಳಗೆ ಕೂತು ಸೊಂಟ ತಿರುಗಿಸಿದರೆ ಇಡೀ ದೋಣಿ ಅವಳ ಜೊತೆಗೇ ತಿರುಗಿತು. ಓಬಳಮ್ಮನಿಗೆ ಹೆಮ್ಮೆಯಾಯಿತು.

ಆ ಭಾನುವಾರ ಬೆಳಿಗ್ಗೆ ಯಲ್ಲಯ್ಯನ ಆಟೊದಲ್ಲಿ ದೋಣಿ ಕುಣಿಗಲ್ ಕೆರೆಗೆ ಹೋಯಿತು. ಭೂಮಿಕಾಳ ಗೆಳತಿ ಮಧುಶ್ರೀ, ಅವಳೂ ಹೊಳೆಯಲ್ಲಿ ಹುಟ್ಟು ಹಾಕುವವಳೇ, ಎದೆಮಟ್ಟದ ನೀರಿನಲ್ಲಿ ಕಾವಲು ನಿಂತಳು. ಭೂಮಿಕಾ ಲೈಫ್ ಜಾಕೆಟ್, ಹೆಲ್ಮೆಟ್, ದಪ್ಪ ಅಟ್ಟೆಯ ಶೂ ಹಾಕಿಕೊಂಡು, ಪಟ್ಟಿ ಬಿಗಿದು, ಬೇಕೆಂದೇ ದೋಣಿಯನ್ನು ಮಗುಚಿದಳು.

ದೋಣಿಯ ಹಸಿರು ಬೆನ್ನು ಮೇಲಾಯಿತು. ಭೂಮಿಕಾ ಮೇಲೆ ಬರಲಿಲ್ಲ. ಮಧುಶ್ರೀ ನುಗ್ಗಿ, ದೋಣಿಯ ಅಂಚು ಹಿಡಿದು ಎತ್ತಿ ಹೊರಳಿಸಿದಳು. ಭೂಮಿಕಾ ಕೆಮ್ಮುತ್ತಾ ಮೇಲೆದ್ದಳು. ಅವಳ ಎಡಗಾಲು ಇನ್ನೂ ಒಳಗೇ ಸಿಕ್ಕಿಕೊಂಡಿತ್ತು. ಹತ್ತು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ. ದಡದಲ್ಲಿದ್ದ ಓಬಳಮ್ಮ ಸೀರೆಯಲ್ಲೇ ನೀರಿಗಿಳಿದಳು.

"ತಪ್ಪು ನಂದೇ ಅಮ್ಮ. ಶೂ ಹಾಕ್ಕೊಂಡೇ ಅಳತೆ ಕೊಡ್ಬೇಕಿತ್ತು, ನೆಲದ ಮೇಲೆ ಈಚೆಗೆ ಬಂದು ನೋಡ್ಬೇಕಿತ್ತು," ಎಂದಳು ಭೂಮಿಕಾ, ಉಸಿರು ಹಿಡಿತಕ್ಕೆ ಬಂದ ಮೇಲೆ.

ವಾಪಸು ಬರುವಾಗ ಯಲ್ಲಯ್ಯ ಹೇಳಿದ: "ಇದೊಂದ್ ಕೆಲ್ಸ ಬುಡು ಕಣೇ. ಆಟೊ ಸೀಟಲ್ಲಿ ಕೂತು ಯಾರೂ ಮುಳುಗಲ್ಲ."

"ಬುಡಕ್ಕಾಗಲ್ಲ. ಆ ಹುಡ್ಗಿ ಕಾಲು ಹಿಡ್ಕೊಂಡಿದ್ದು ನಾನ್ ಕಟ್ಟಿದ್ದೇ ತಾನೆ?"

ಮರುದಿನ ಅವಳು ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿ, ಸೀರೆ ಎತ್ತಿಕಟ್ಟಿ, ಭೂಮಿಕಾಳಿಂದ ಕೇಳಿ ಇಟ್ಟುಕೊಂಡಿದ್ದ ಒದ್ದೆ ಶೂಗಳನ್ನು ಹಾಕಿಕೊಂಡು ತಾನೇ ದೋಣಿಯೊಳಗೆ ಮಂಡಿಯೂರಿದಳು. ಪಟ್ಟಿ ಬಿಗಿದು ಕಣ್ಣು ಮುಚ್ಚಿದಳು.

"ಈಗ ಮಗ್ಗುಲಿಗೆ ಕೆಡವು," ಎಂದಳು ಗಂಡನಿಗೆ.

"ತಲೆ ನೆಟ್ಟಗೈತಾ ನಿಂಗೆ?"

"ಹಾಸ್ಗೆ ಹಾಕಿದೀನಲ್ಲ, ಕೆಡವು."

ಯಲ್ಲಯ್ಯ ಹಳೆಯ ಹಾಸಿಗೆಯ ಮೇಲೆ ದೋಣಿಯನ್ನು ಮೆಲ್ಲಗೆ ಉರುಳಿಸಿದ. ಓಬಳಮ್ಮನ ಕೈ ಬಕಲ್ಲಿಗಾಗಿ ತಡಕಾಡಿತು. ಅದು ತೊಡೆಯ ಅಡಿಗೆ ಸರಿದುಹೋಗಿತ್ತು. ಶೂವಿನ ಹಿಮ್ಮಡಿ ಜೀನಿನ ಚೂಪು ಅಂಚಿಗೆ ಕಚ್ಚಿಕೊಂಡಿತು. ಕಾಲೆಳೆದಷ್ಟೂ ಬಿಗಿಯಾಯಿತು. ಗಾಳಿ ಬೆಳಕಿನ ಅಂಗಡಿಯಲ್ಲೇ ಅವಳು ಈಚೆಗೆ ಬರಲಾರದೆ ಒದ್ದಾಡಿದಳು. ಆ ಹುಡುಗಿ ಇದನ್ನು ನೀರೊಳಗೆ, ತಲೆಕೆಳಗಾಗಿ ಅನುಭವಿಸಿದ್ದಳು.

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಜೀನಿನ ಅಂಚನ್ನು ಕೆತ್ತಿ ಇಳಿಜಾರು ಮಾಡಿದಳು. ಕಾಲ್ಕಟ್ಟೆಗಳನ್ನು ಕಿತ್ತು, ಶೂ ಇಟ್ಟು ನೋಡಿ, ಎರಡು ಬೆರಳು ಹಿಂದಕ್ಕೆ ಕೂರಿಸಿದಳು. ಎರಡು ಪಟ್ಟಿಗಳನ್ನೂ ಮುಂದೆ ನಡುಮಧ್ಯೆ ಒಂದೇ ಬಕಲ್ಲಿಗೆ ತಂದು, ಅದಕ್ಕೆ ಮುಷ್ಟಿ ತೂರುವಷ್ಟು ದೊಡ್ಡ ಕೆಂಪು ಕುಣಿಕೆ ಹೊಲಿದಳು. ಎಳೆದರೆ ಎರಡೂ ಕಳಚಿಕೊಳ್ಳಬೇಕು. ಜೋತಾಡುವ ತುದಿಗಳನ್ನೆಲ್ಲ ಮಡಿಸಿ ಹೊಲಿದಳು. ದೋಣಿ ತೇಲಲೆಂದು ಭೂಮಿಕಾ ಮುಂದೆ ಹಿಂದೆ ಕಟ್ಟಿದ್ದ ಗಾಳಿಚೀಲಗಳ ಹಗ್ಗವನ್ನೂ ಕಾಲು ತೂರದಂತೆ ಎಳೆದು ಬಿಗಿದಳು. ಒಂದೊಂದು ಬದಲಾವಣೆಗೂ ತಾನೇ ಕೂತು ಉರುಳಿ ನೋಡಿದಳು. ಯಲ್ಲಯ್ಯ ಪ್ರತಿ ಸಲವೂ ಉರುಳಿಸಿದ.

ಮುಂದಿನ ಭಾನುವಾರ ಕುಣಿಗಲ್ಲಿನಲ್ಲಿ ಭೂಮಿಕಾ ಮೊದಲು ದಡದ ಮೇಲೆ ಆರು ಸಲ ಕಳಚಿಕೊಂಡು ನೋಡಿ, ಆಮೇಲೆ ನೀರಿಗಿಳಿದಳು. ಮಗುಚಿದಳು. ಓಬಳಮ್ಮ ಮೂರು ಎಣಿಸುವುದರಲ್ಲಿ ತಲೆ ಮೇಲೆ ಬಂತು. ಮತ್ತೆ ಮತ್ತೆ ಮಗುಚಿದಾಗ, ಎಡಗೈಯಲ್ಲಿ ಎಳೆದ ಒಂದು ಸಲ ಮಾತ್ರ ಕುಣಿಕೆ ತಪ್ಪಿತು, ಬಲಗೈ ಕಾಪಾಡಿತು. ಓಬಳಮ್ಮ ದೋಣಿಯನ್ನು ದಡಕ್ಕೆಳೆಸಿ, ಸೂಜಿ ತೆಗೆದು, ಕುಣಿಕೆಯನ್ನು ಅರ್ಧ ಇಂಚು ಎಡಕ್ಕೆ ಹೊಲಿದು ಮತ್ತೆ ಇಳಿಸಿದಳು. ಹನ್ನೆರಡು ಸಲ ಮಗುಚಿ ಹನ್ನೆರಡು ಸಲವೂ ಭೂಮಿಕಾ ತಾನೇ ಈಚೆ ಬಂದಳು. ನೇರ ಕೂತಾಗ ದೋಣಿ ಅವಳ ಸೊಂಟದ ಮಾತನ್ನು ಮೊದಲಿನಂತೆಯೇ ಕೇಳುತ್ತಿತ್ತು.

ಮಳೆಗಾಲ ಕಳೆದ ಮೇಲೆ ಭೂಮಿಕಾ, ಮಧುಶ್ರೀ ದಾಂಡೇಲಿಯ ಕಡೆ ಹೊಳೆಗೆ ಹೋದರು. ಎರಡನೆಯ ದಿನ ಭೂಮಿಕಾಳ ಫೋನು ಬಂತು. "ಅಮ್ಮ, ಒಂದು ಬಂಡೆ ಹತ್ರ ಮಗುಚ್ಕೊಂಡೆ. ಕೈ ತಾನಾಗೇ ಕುಣಿಕೆಗೆ ಹೋಯ್ತು. ಆರಾಮಾಗಿ ಇದೀನಿ."

"ಊಟ ಆಯ್ತಾ?" ಎಂದಷ್ಟೇ ಕೇಳಿದಳು ಓಬಳಮ್ಮ.

ಈ ವರ್ಷ ಅವಳ ಅಂಗಡಿಗೆ ಇನ್ನೆರಡು ದೋಣಿಗಳು ಬಂದವು. ಕಳೆದ ತಿಂಗಳು ಕುಣಿಗಲ್ಲಿನಲ್ಲಿ ಒಂದರ ಪರೀಕ್ಷೆ ಮುಗಿದಾಗ, ಭೂಮಿಕಾ ಅವಳಿಗೂ ಒಂದು ಲೈಫ್ ಜಾಕೆಟ್ ಹಾಕಿಸಿ ದೋಣಿಯೊಳಗೆ ಕೂರಿಸಿದಳು. ಓಬಳಮ್ಮ ಹುಟ್ಟು ಹಾಕಿದಳು. ದೋಣಿ ಮುಂದೆ ಹೋಗದೆ ಇದ್ದಲ್ಲೇ ಸುತ್ತಿತು. ಇನ್ನೊಮ್ಮೆ ಹಾಕಿದಳು, ಇನ್ನೊಂದು ಸುತ್ತು. ದಡದಿಂದ ಯಲ್ಲಯ್ಯ ಏನೋ ಕೂಗಿದ. ತನ್ನ ನಗುವಿನಲ್ಲಿ ಅವಳಿಗೆ ಅದು ಕೇಳಿಸಲಿಲ್ಲ.