ಪೆನ್ಸಿಲ್ಲಿನಲ್ಲೇ ಉಳಿದ ದಾರಿ

ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದವನ್ನು ನಿನ್ನೆ ಎತ್ತಿದೆ. ಡಾಂಬರು ಗುಳಿಗೆಯ ವಾಸನೆಯ ಅಡಿಯಿಂದ, ನೀವು ನಂಬಿದರೆ ನಂಬಿ, ಶೇಂಗಾ ಎಣ್ಣೆಯ ವಾಸನೆ ಎದ್ದಿತು. ನಮ್ಮ ಕಾಕಾನ ಮ್ಯಾಪು ಅದು. ಪರ್ಶಿಯಾ ದೇಶದ ನಟ್ಟನಡುವೆ ಅಂಗೈಯಗಲದ ಎಣ್ಣೆ ಕಲೆ. ಆಯಿ, ಅಂದರೆ ನಮ್ಮ ಅಜ್ಜಿ, ರೊಟ್ಟಿಯ ಬುಟ್ಟಿ ಊರಿದ ಜಾಗ. ಕಾಕಾನದೊಂದು ರೂಲ್ ಇತ್ತು: ಹೋಗಿಬಂದ ದಾರಿಗೆ ಮಸಿ, ಹೋಗಬೇಕಾದ ದಾರಿಗೆ ಪೆನ್ಸಿಲ್. ಮಸಿಯ ಗೆರೆ ಹಾನಗಲ್ಲಿನಿಂದ ಹೊರಟು ಶಿಗ್ಗಾವಿ ದಾಟಿ ಸವಣೂರಿಗೆ ನಿಂತಿದೆ. ಅಲ್ಲಿಂದಾಚೆ ಫ್ರಾನ್ಸಿನ ದ್ರಾಕ್ಷಿ ಸೀಮೆಯವರೆಗೆ ಬರೀ ಪೆನ್ಸಿಲ್ಲು. ಅದೂ ಈಗ ಕನ್ನಡಕ ಒರೆಸಿಕೊಂಡು ಹುಡುಕಿದರೆ ಮಾತ್ರ ಕಾಣುತ್ತದೆ.

ಎರಡನೇ ಮಹಾಯುದ್ಧ ಶುರುವಾದ ವರ್ಷದ ಮಾತು. ನನಗಾಗ ಹನ್ನೆರಡು. ಕಾಕಾ ಅರಳೆ ವ್ಯಾಪಾರಿ. ಹಾನಗಲ್ಲಿನ ಓಣಿಯಲ್ಲಿ ಅವನೊಬ್ಬನದೇ ಮೋಟಾರು. ಒಮ್ಮೆ ನನ್ನನ್ನು ಕಾನ್ವೆಂಟಿಗೆ ಬಿಡಲು ಬಂದವನು ಸಿಸ್ಟರ್ ಅಗಾಥಾಗೆ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟ. ಸಿಸ್ಟರ್ ನಮಗೆ ಹೊಲಿಗೆ, ಗ್ರಾಮರ್ ಎರಡನ್ನೂ ಒಂದೇ ಕಠೋರತೆಯಿಂದ ಕಲಿಸುತ್ತಿದ್ದವರು. ಅವತ್ತು ಮಾತ್ರ ಒಂದು ಹಣ್ಣನ್ನು ಬೆರಳಲ್ಲಿ ಹಿಡಿದು ಫ್ರಾನ್ಸಿನ ತಮ್ಮ ಊರಿನ ಮಾತು ತೆಗೆದರು. ಅಲ್ಲಿ ಮನೆಮನೆಯಲ್ಲೂ ವೈನ್ ತಯಾರಿಸುತ್ತಾರಂತೆ. ಸುಗ್ಗಿಯಲ್ಲಿ ತಾಯಿಯ ಕೈ ಮೊಣಕೈತನಕ ನೇರಳೆಯಾಗುತ್ತಿತ್ತಂತೆ. ಆ ಕೈಗಳನ್ನು ನೋಡಿ ಹನ್ನೊಂದು ವರ್ಷವಾಯಿತಂತೆ.

ಬೇಸಿಗೆ ರಜೆಗೆ ಮನೆಗೆ ಬಂದರೆ ಪಡಸಾಲೆಯ ತುಂಬ ಮ್ಯಾಪು; ಆ ದ್ರಾಕ್ಷಿ ಸೀಮೆ ನೋಡಲೇಬೇಕೆಂದು ಕಾಕಾನಿಗೆ ಹುಚ್ಚು ಹಿಡಿದಿತ್ತು. "ಮೋಟಾರು ಐತಿ, ರಸ್ತಾ ಐತಿ," ಎಂದ ಕಾಕಾ. "ನಡುವ ಒಂದ ಕಡೆ ನೀರೈತಿ ಖರೆ. ನಮ್ಮ ವರದಾ ಹೊಳಿಯಷ್ಟ ಕಾಣತೈತಿ, ದೋಣ್ಯಾಗ ದಾಟಿಸಿದ್ರಾತು."

ಆಯಿಗೆ ಹೊಳೆಯ ಚಿಂತೆ ಇರಲಿಲ್ಲ. ನಮ್ಮ ಮನೆತನದಲ್ಲಿ ಪ್ರಯಾಣವೆಂದರೆ ಬೀಗರಿಂದ ಬೀಗರಿಗೆ. ಉಳಿಯಲು ನಮ್ಮವರ ಮನೆಯಿಲ್ಲದ ಊರು ಊರೇ ಅಲ್ಲ.

"ಮುಂಬಯಿ ತನಕ ಮಂದಿ ಅದಾರ. ಕರಾಚ್ಯಾಗ ನಿನ್ನ ಅರಳಿ ದಲಾಲ ಅದಾನ. ಅದರಾಚೆ ಯಾರ ಮನ್ಯಾಗ ಇಳೀತಿ?"

"ಛತ್ರ ಇರತಾವ ಬಿಡಬೇ."

"ಛತ್ರದಾಗ ಇಳಿಯೋರು ದಿಕ್ಕಿಲ್ಲದೋರು. ಅಲ್ಲೋ, ಕೊಳ್ಳಾಗ ಲಿಂಗ ಕಟಗೊಂಡು ಸೆರೆ ಮಾಡೋರ ಊರಿಗೆ ಹೊಂಟೀಯೇನು?"

"ದ್ರಾಕ್ಷಿ ನೋಡಾಕ ಹೊಂಟೇನಿ, ಕುಡ್ಯಾಕಲ್ಲ."

"ಮೊದಲ ದ್ರಾಕ್ಷಿ ಅಂತಿ. ಆಮ್ಯಾಲ ರಸಾ ಅಂತಿ. ನಿನ್ನ ಬಾಳೇ ನನಗ ಗೊತ್ತಿಲ್ಲೇನು?"

ಸೋಲುತ್ತಿದ್ದ ಕಾಕಾನ ಸಹಾಯಕ್ಕೆ ನಾನು ಸಿಸ್ಟರ್ ಕಥೆ ಹೇಳಿದೆ. ಆಯಿಯ ರೊಟ್ಟಿ ಬಡಿಯುವ ಕೈ ನಿಂತಿತು. "ಹನ್ನೊಂದು ವರ್ಷ ತವರಿಗೆ ಕಳಿಸಿಲ್ಲಾ? ಎಂಥಾ ಅತ್ತಿ ಮನೀನ ಅದು!"

ಅದು ಅತ್ತೆಯ ಮನೆಯಲ್ಲ, ದೇವರಿಗೆ ಕೊಟ್ಟ ವಚನ ಎಂದೆ.

"ವ್ರತ ನಮ್ಮಲ್ಲೂ ಅದಾವ. ಪಂಚಮಿಗೆ ತವರಿಗೆ ಹೋಗಬ್ಯಾಡ ಅಂತ ಯಾವ ದೇವರೂ ಹೇಳಿಲ್ಲ."

ಅಲ್ಲಿಂದ ಮುಂದೆ ಎಕ್ಸ್‌ಪೆಡಿಶನ್ನಿನ ಕಮಾಂಡರ್ ಆಯಿಯೇ. ಕಾಕಾ ಸಿಸ್ಟರನ್ನು ಕರೆದೊಯ್ದು ತಾಯಿಗೆ ಒಪ್ಪಿಸಬೇಕು, ಸಿಸ್ಟರಿಗೆ ಹೆಣ್ಣು ಜೊತೆ ಬೇಕೆಂದು ನಾನೂ ಹೋಗಬೇಕು, ದೀಪಾವಳಿ ಮುಗಿದ ಕೂಡಲೇ ಹೊರಡಬೇಕು. ದಾರಿಯ ಬುತ್ತಿಗೆಂದು ಕಟಕ ರೊಟ್ಟಿ ಒಣಗತೊಡಗಿದವು. ಬುಟ್ಟಿಗೆ ಎಷ್ಟು ಹಿಡಿಯುತ್ತವೆಂದು ನೋಡುವಾಗಲೇ ಪರ್ಶಿಯಾ ಎಣ್ಣೆಯಾದದ್ದು.

ರಿಹರ್ಸಲ್ಲಿಗೆಂದು ಒಂದು ದಿನ ಸವಣೂರಿಗೆ ಹೋದೆವು. ಆಗ ಅದು ನವಾಬರ ಸಂಸ್ಥಾನ. ನಮ್ಮ ಪಾಲಿನ ಮೊದಲ ಫಾರಿನ್. ಗಡಿಯ ಸುಂಕದ ನಾಕಾದ ಸಿಪಾಯಿ ಕೇಳಿದ: "ಎಲ್ಲಿಗೆ ಹೊಂಟ್ರಿ ಸಾಹುಕಾರ್ರ?"

"ಫ್ರಾನ್ಸಿಗೆ."

ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. "ಹಂಗಾದ್ರ ಎಲಿ ಇಲ್ಲೇ ತಗೊಳ್ರಿ. ಮುಂದ ಛಲೋ ಸಿಗೂದಿಲ್ಲ."

ಎರಡು ಕಟ್ಟು ಸವಣೂರು ವೀಳ್ಯದೆಲೆ ಕೊಂಡು ತಿರುಗಿದೆವು. ಕಾಕಾ ಆ ಸಂಜೆಯೇ ಗೆರೆಗೆ ಮಸಿ ಹಾಕಿದ.

ಶಾಲೆ ತೆರೆದಾಗ ಆಯಿಯೂ ಜೊತೆಗೆ ಬಂದಳು. ಕಾನ್ವೆಂಟಿನ ಪಾರ್ಲರಿನಲ್ಲಿ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು ಗಂಟು ಬಿಚ್ಚಿದಳು: ಅಕ್ಕಿಆಲೂರಿನ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ರವಿಕೆಗೆಂದು ಎರಡು ಖಣ. "ಕೇಳವ್ವಾ ಅಕಿನ್ನ, ದೀಪಾವಳಿ ಆದ ಮ್ಯಾಲ ಹೊರಡತಾಳೇನು?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಸಿಸ್ಟರ್ ಮೆಲ್ಲಗೆ ಉತ್ತರಿಸಿದರು: ಮನೆಯನ್ನು ಬಿಟ್ಟುಕೊಟ್ಟೇ ಬಂದವಳು ನಾನು, ಹೋಗಲಾರೆ. ನನಗೆ ಆಸೆ ಹುಟ್ಟಿಸಬೇಡಿರೆಂದು ನಿನ್ನ ಅಜ್ಜಿಗೆ ಹೇಳು, ಪ್ಲೀಸ್.

ಗ್ರಾಮರಿನಲ್ಲಿ ನಾನು ಕ್ಲಾಸಿಗೇ ಫಸ್ಟ್. ಒಂದು ಶಬ್ದವೂ ತಪ್ಪದೆ ಅರ್ಥವಾಗಿತ್ತು. ಆದರೆ ಮೋಟಾರಿನ ಮುಂದಿನ ಸೀಟು ನನ್ನದೆಂದು ಬೇಸಿಗೆಯಿಡೀ ಕನಸು ಕಂಡಿದ್ದೆನಲ್ಲ!

"ಬರ್ತಾರಂತ ಆಯಿ," ಎಂದೆ. "ಅವ್ವನ್ನ ನೋಡಬೇಕಂತ."

ಆಯಿ ಎದ್ದಳು. ಕಣ್ಣಲ್ಲಿ ನೀರು. "ಉಡಿ ಒಡ್ಡು ಮಗಳ," ಎಂದು ತನ್ನ ಸೆರಗನ್ನೇ ಒಡ್ಡಿ ತೋರಿಸಿದಳು. ಆ ಉಡುಪಿನಲ್ಲಿ ಸೆರಗೆಲ್ಲಿಯದು? ಸಿಸ್ಟರ್ ಎದೆಯಿಂದ ಇಳಿಬಿದ್ದ ಬಿಳಿ ಪಟ್ಟಿಯ ಎರಡು ತುದಿ ಹಿಡಿದು ಒಡ್ಡಿದರು. ಐದು ಹಿಡಿ ಅಕ್ಕಿ ಬಿತ್ತು. "ಒಂದು ಖಣ ನಿನಗ. ಇನ್ನೊಂದು ನಿಮ್ಮವ್ವಗ." ಅದನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಟ್ರಾನ್ಸ್‌ಲೇಟ್ ಮಾಡಿದೆ.

ದೀಪಾವಳಿಗೆ ಮೊದಲೇ ಯುದ್ಧ ಬಂತು. ಕಟಕ ರೊಟ್ಟಿಯನ್ನು ಮನೆಮಂದಿಯೆಲ್ಲ ಕೂತು ತಿಂದು ಮುಗಿಸಿದರು. ಆಮೇಲೆ ಪೆಟ್ರೋಲಿಗೂ ರೇಷನ್ ಬಂದು ಮೋಟಾರು ಅರಳೆ ಗೋದಾಮು ಸೇರಿತು. ನನಗೋ ಒಂದೇ ಚಿಂತೆ: ನನ್ನಿಂದಾಗಿ ಸಿಸ್ಟರಿಗೆ ಆಸೆ ಹುಟ್ಟಿತೇ? ಒಂದು ಮಧ್ಯಾಹ್ನ ಹೊಲಿಗೆ ಕ್ಲಾಸು ಮುಗಿದ ಮೇಲೆ ಅಳುತ್ತ ಎಲ್ಲ ಹೇಳಿಬಿಟ್ಟೆ.

ಸಿಸ್ಟರ್ ಬೈಯಲಿಲ್ಲ. "ನನಗೆ ಆಗಲೇ ಗೊತ್ತಾಗಿತ್ತು," ಎಂದರು. "ಇಲ್ಲ ಎಂದವಳಿಗೆ ಯಾರೂ ಹಾಗೆ ಅಕ್ಕಿ ಸುರಿಯುವುದಿಲ್ಲ. ತಿದ್ದಬೇಕಿತ್ತು; ನಾನೂ ತಿದ್ದಲಿಲ್ಲ. ಆ ಹತ್ತು ನಿಮಿಷ ನಾನೂ ಹೊರಟಿದ್ದೆ, ಚೈಲ್ಡ್."

ಆಮೇಲೆ ಪ್ರಾರ್ಥನೆಯ ಪುಸ್ತಕದಿಂದ ಒಂದು ಫೋಟೋ ತೆಗೆದರು. ದ್ರಾಕ್ಷಿ ಬಳ್ಳಿಗಳ ನಡುವೆ ಒಬ್ಬ ಮುದುಕಿ, ತಲೆಗೆ ಕಟ್ಟಿಕೊಂಡದ್ದು ನಮ್ಮ ಖಣ. ಸಿಸ್ಟರ್ ಆ ಜೂನಿನಲ್ಲೇ ಖಣವನ್ನು ತಾಯಿಗೆ ಅಂಚೆಗೆ ಹಾಕಿದ್ದರಂತೆ. ಯುದ್ಧ ಶುರುವಾದ ಮುಂದಿನ ವರ್ಷವೇ ಆ ಕಡೆಯ ಕಾಗದಗಳು ನಿಂತೇ ಹೋದವು. ಅವರ ಬಳಿ ತಾಯಿಯದೆಂದು ಉಳಿದದ್ದು ಆ ಫೋಟೋ ಒಂದೇ.

ಇನ್ನೊಮ್ಮೆ ಕಾನ್ವೆಂಟಿಗೆ ಬಂದಾಗ ಫೋಟೋ ನೋಡಿ ಆಯಿ ಅಂದದ್ದು ಇಷ್ಟು: "ತಲಿಗೆ ಕಟಗೊಂಡಾಳಲ್ಲ! ಆ ಊರಾಗ ಕುಪ್ಪಸ ಹೊಲಿಯೋರು ಇಲ್ಲೇನು?" ನನ್ನ ಸುಳ್ಳನ್ನು ಅವಳಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಇಂದು ಬೆಳಿಗ್ಗೆ ಪೆನ್ನು ಹಿಡಿದು ಕೂತೆ. ಖಣ ಹೋದದ್ದು ಹಡಗಿನಲ್ಲಿ, ಕಾಕಾ ಇದ್ದಿದ್ದರೆ ಆಬ್ಜೆಕ್ಷನ್ ಎತ್ತುತ್ತಿದ್ದ. ಆದರೂ ನಮ್ಮ ಮನೆಯದೊಂದು ಅಲ್ಲಿಗೆ ಮುಟ್ಟಿದ್ದಂತೂ ಖರೆ. ಸವಣೂರಿನಿಂದ ಮುಂದಕ್ಕೆ ದ್ರಾಕ್ಷಿ ಸೀಮೆಯವರೆಗೂ ಗೆರೆಗೆ ಮಸಿ ಹಾಕಿದೆ. ಪರ್ಶಿಯಾದಲ್ಲಿ ಮಾತ್ರ ಎಣ್ಣೆಯ ಮೇಲೆ ಮಸಿ ಹಿಡಿಯಲಿಲ್ಲ. ಎರಡು ಸಲ ತಿದ್ದಿ ನೋಡಿ ಬಿಟ್ಟುಬಿಟ್ಟೆ. ಅಲ್ಲಿ ಆಯಿ ಇನ್ನೂ ರೊಟ್ಟಿಯ ಬುಟ್ಟಿ ಎತ್ತಿಲ್ಲ.